ಜೋಳದ ದಂಟಿನ ಏಣಿ

ನನ್ನ ಗಂಟಲಲ್ಲಿ ಬಾಡಿಗೆದಾರರು ಬಹಳ. ಕೊಪ್ಪಳದಿಂದ ಅಳವಂಡಿಗೆ ಹೋಗುವ ಬಸ್ಸಿನ ಕಂಡಕ್ಟರ್ ಇದ್ದಾನೆ. ಕುಷ್ಟಗಿ ಸಂತೆಯಲ್ಲಿ ಹಸಿಮೆಣಸಿನಕಾಯಿ ಕೂಗುವ ಮುದುಕಿ ಇದ್ದಾಳೆ. ಕೆಮ್ಮಿ ಕೆಮ್ಮಿ ಚಾಲೂ ಆಗುವ ಬೋರಿನ ಮೋಟರು ಇದೆ. ಇಷ್ಟು ಮಂದಿಯ ನಡುವೆ ಮನೆಯ ಮಾಲೀಕ, ಅಂದರೆ ನಾನು, ಯಾವ ಮೂಲೆಯಲ್ಲಿ ಚಾಪೆ ಹಾಸಿದ್ದಾನೋ ಹುಡುಕಬೇಕು. ಗಂಗಾವತಿಯ ಒಂದು ಆರ್ಕೆಸ್ಟ್ರಾದಲ್ಲಿ ಎರಡು ಹಾಡುಗಳ ನಡುವೆ, ವಾದ್ಯದವರು ನೀರು ಕುಡಿಯುವಷ್ಟು ಹೊತ್ತು ಮಂದಿಯನ್ನು ನಗಿಸುವುದು ನನ್ನ ಕೆಲಸ. ಅವರು ಬಾಟಲಿಯ ಮುಚ್ಚಳ ತಿರುವಿದರೆಂದರೆ ನನ್ನ ಕಲೆ ಮುಗಿಯಿತು.

ಅದಕ್ಕೂ ಮೊದಲು, ಕುಷ್ಟಗಿಯಲ್ಲಿ ಪಿಯುಸಿ ಓದುವಾಗ, ನಾನು ಸೈನ್ಸ್ ತೆಗೆದುಕೊಂಡಿದ್ದೆ. ಯಾಕೆ ಎಂದು ನನಗೂ ಗೊತ್ತಿಲ್ಲ, ಸೈನ್ಸಿಗೂ ಗೊತ್ತಿಲ್ಲ. ಜೀವಶಾಸ್ತ್ರದ ಸರ್ ಡಿಎನ್ಎ ಪಾಠ ಮುಗಿಸಿ, ಎಲ್ಲರೂ ಅದರದೊಂದು ಮಾದರಿ ಮಾಡಿ ತರಬೇಕು ಎಂದರು. ಪೇಟೆಯ ಹುಡುಗರು ಥರ್ಮಕೋಲು, ಬಣ್ಣದ ಮಣಿ ಕೊಂಡರು. ನಾನು ಹೊಲಕ್ಕೆ ಹೋಗಿ ಜೋಳದ ದಂಟು ಮುರಿದುಕೊಂಡು ಬಂದೆ. ಸಣ್ಣವನಿದ್ದಾಗ ಅದರಲ್ಲೇ ಬಂಡಿ, ಎತ್ತು ಮಾಡಿದ ಕೈ. ಡಿಎನ್ಎ ಏನು ಮಹಾ ಎಂದುಕೊಂಡೆ.

ದಂಟಿನ ಸಿಪ್ಪೆಯನ್ನು ಸೀಳಿ ಎರಡು ಉದ್ದನೆಯ ಪಟ್ಟಿ ತೆಗೆದೆ. ಅವು ಏಣಿಯ ಎರಡು ಕಾಲು. ಪುಸ್ತಕದ ಪ್ರಕಾರ ಆ ಕಾಲುಗಳಲ್ಲಿ ಒಂದು ಸಕ್ಕರೆ, ಒಂದು ಫಾಸ್ಫೇಟ್, ಮತ್ತೆ ಸಕ್ಕರೆ, ಮತ್ತೆ ಫಾಸ್ಫೇಟ್, ಹೀಗೆ ಸರಪಳಿ ಇರುತ್ತದೆ. ನಮ್ಮ ಮನೆಯಲ್ಲಿ ಫಾಸ್ಫೇಟ್ ಅಂದರೆ ಡಿಎಪಿ ಚೀಲ. ಅವ್ವ ಕೇಳಿದಳು, "ಮನಶ್ಯಾನ ಮೈಯಾಗ ಗೊಬ್ಬರ ಇರತೈತೇನು?"

"ಮಂದೀದು ಗೊತ್ತಿಲ್ಲಬೇ. ನಿನ್ನ ಮಗನ ತಲಿಯಾಗಂತೂ ಐತಿ," ಅಂದೆ.

ಒಳಗಿನ ಬೆಂಡನ್ನು ಬೆರಳಿನ ಗೆಣ್ಣಿನಷ್ಟು ತುಂಡು ಮಾಡಿ ನಾಲ್ಕು ಗುಂಪು ಹಾಕಿದೆ. ಒಂದಕ್ಕೆ ಅರಿಷಿಣ ಬಳಿದೆ, ಒಂದಕ್ಕೆ ಕುಂಕುಮ. ಒಂದಕ್ಕೆ ಬಿಳಿ ಅಂಗಿಗೆ ಹಾಕುವ ನೀಲಿ. ಇನ್ನೊಂದು ಹಾಗೆಯೇ ಬಿಳಿ. ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್ ಎಂದು ಅವುಗಳ ಹೆಸರು. ಹಳದಿಯ ಎದುರು ಕೆಂಪೇ ಬರಬೇಕು, ನೀಲಿಯ ಎದುರು ಬಿಳಿಯೇ. ಎರಡು ಸೇರಿ ಏಣಿಯ ಒಂದು ಮೆಟ್ಟಿಲು. ಒಂದು ಸಕ್ಕರೆ, ಒಂದು ಫಾಸ್ಫೇಟ್, ಈ ನಾಲ್ಕರಲ್ಲಿ ಒಂದು ಬಣ್ಣ, ಇಷ್ಟು ಕೂಡಿದರೆ ಒಂದು ಇಟ್ಟಿಗೆ; ಅದಕ್ಕೆ ನ್ಯೂಕ್ಲಿಯೊಟೈಡ್ ಎನ್ನುತ್ತಾರೆ. ಆ ಇಟ್ಟಿಗೆಗಳು ಯಾವ ಸಾಲಿನಲ್ಲಿ ಕೂತಿವೆಯೋ ಅದೇ ಬರಹ. ಮೂರು ಮೂರು ಅಕ್ಷರ ಕೂಡಿಸಿ ಮೈ ಅದನ್ನು ಓದಿಕೊಳ್ಳುತ್ತದೆ, ಓದಿದಂತೆ ಕೆಲಸ ಮಾಡುತ್ತದೆ. ಇಷ್ಟೆಲ್ಲ ಜೋಡಿಸಿ ಕೊನೆಗೆ ಏಣಿಯನ್ನು ಹಿಡಿದು ತಿರುವಿದೆ. ಹಿಂಡುವ ಬಟ್ಟೆಯ ಹಾಗೆ ಅದು ಸುತ್ತಿಕೊಂಡಿತು.

ತಿರುವುವ ಮೊದಲು, ಒಂದು ಮೆಟ್ಟಿಲು ಇನ್ನೂ ಬಾಕಿ ಇದ್ದಾಗಲೇ ಅವ್ವ ಬಂದು ಕುಂಕುಮದ ಭರಣಿ ಕಸಿದುಕೊಂಡಳು. ಕೆಂಪು ತುಂಡು ಮುಗಿದಿತ್ತು. ಹಳದಿಯ ಎದುರು ನೀಲಿ ಚುಚ್ಚಿ ಕೈತೊಳೆದುಕೊಂಡೆ.

ಸರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅದೇ ಮೆಟ್ಟಿಲಿನ ಮೇಲೆ ಬೆರಳಿಟ್ಟರು.

"ಇದೇನಲೇ?"

"ಒಂದ ಐತ್ರಿ ಸರ್. ಏಣಿ ನಿಂತೈತಲ್ರಿ."

"ನಿಂದರತೈತಿ. ನೀ ಮಂದೀ ದನಿ ಕಾಪಿ ಮಾಡ್ತಿಯಲ್ಲ, ಇದೂ ಹಂಗ. ಮೈಯಾಗ ಹೊಸಾ ಜೀವಕೋಶ ಆಗಬೇಕಂದ್ರ ಈ ಏಣಿ ನಡುವ ಸೀಳಿ ಎರಡಾಕ್ಕೈತಿ. ಒಂದೊಂದು ಅರ್ಧಾನೂ ತನ್ನ ಜೋಡಿ ತಾನ ಹುಡುಕ್ಕೊಂತೈತಿ. ಹಳದಿ ಇದ್ದಲ್ಲಿ ಕೆಂಪು, ನೀಲಿ ಇದ್ದಲ್ಲಿ ಬಿಳಿ. ಒಂದು ಕಡೆ ತಪ್ಪಿತಂದ್ರ ಆ ತಪ್ಪೂ ಕಾಪಿ ಆಕ್ಕೊಂತ ಹೊಕ್ಕೈತಿ. ಮುಂದಿನವ್ರಿಗೆ ಅದು ತಪ್ಪು ಅಂತ ಗೊತ್ತ ಆಗಂಗಿಲ್ಲ."

ಎರಡು ಮಾರ್ಕು ಕಳೆದರು. ಅವರ ಈ ಮಾತನ್ನು ನಾನು ಸಂಜೆಯೇ ಅವರ ದನಿಯಲ್ಲಿ ಗೆಳೆಯರಿಗೆ ಒಪ್ಪಿಸಿದೆ. ಎಲ್ಲರೂ ನಕ್ಕರು. ಮಾತು ನನ್ನ ಬಾಯಿಗೆ ಬಂದಿತ್ತು, ತಲೆಗೆ ಬಂದಿರಲಿಲ್ಲ.

ಆ ವರ್ಷವೇ ಅಕ್ಕನ ಮದುವೆಯಾಯಿತು. ವರ ಅವ್ವನ ತಮ್ಮ, ನಮ್ಮ ಸೋದರಮಾವ. ನಮ್ಮ ಕಡೆ ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅಕ್ಕನ ಮಗಳಿರುವಾಗ ತಮ್ಮ ಹೊರಗೆ ಹೆಣ್ಣು ನೋಡಿದರೆ ಅದೇ ಸುದ್ದಿ. ಅವ್ವನ ತಾಯಿ, ನಮ್ಮ ಆಯಿ, ಅಕ್ಕ ತೊಟ್ಟಿಲಲ್ಲಿದ್ದಾಗಲೇ "ಇದು ನನ್ನ ಸೊಸಿ" ಎಂದು ಗುರುತು ಹಾಕಿಕೊಂಡಿದ್ದಳು. ಕರುಳಬಳ್ಳಿ ಹೊರಗೆ ಹೋಗಬಾರದು, ಅಷ್ಟೇ ಅವಳ ಕಾನೂನು. ಹೀಗಾಗಿ ಆಯಿ ಅಕ್ಕನಿಗೆ ಅತ್ತೆಯಾದಳು, ಅವ್ವ ತನ್ನ ತಮ್ಮನಿಗೇ ಅತ್ತೆಯಾದಳು, ಮಾಮ ನನಗೆ ಭಾವನೂ ಆದ. ಮದುವೆಯ ಮನೆಯಲ್ಲಿ ನಾನು ಒಂದೇ ಉಸಿರಿನಲ್ಲಿ ಆಯಿಯ ದನಿಯಲ್ಲಿ ಮೊಮ್ಮಗಳನ್ನು ಮುದ್ದಿಸಿ, ಅದೇ ದನಿಯಲ್ಲಿ ಸೊಸೆಯನ್ನು ಬೈದು ತೋರಿಸಿದೆ. ಆಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಈ ಮೂಳನ ಬಾಯಿಗೆ ಹುಳಾ ಬೀಳ್ಲಿ," ಅಂದಳು. ಅಕ್ಕ ಅಳವಂಡಿಗೆ ಹೋಗುವಾಗ ದಂಟಿನ ಏಣಿಯನ್ನೂ ಒಯ್ದಳು. ಆಯಿ ಅದನ್ನು ದೃಷ್ಟಿಗೆ ಕಟ್ಟುವುದು ಎಂದುಕೊಂಡು ಬಾಗಿಲ ಮೇಲೆ ತೂಗುಹಾಕಿದಳು. ಇರಲಿ ಎಂದು ನಾನೂ ತಿದ್ದಲಿಲ್ಲ.

ಅಕ್ಕನಿಗೆ ಮಗಳು ಹುಟ್ಟಿದಳು. ಆರು ತಿಂಗಳವರೆಗೆ ಕೂಸು ಚೆನ್ನಾಗಿತ್ತು. ಆಮೇಲೆ ಬಿಳಿಚಿಕೊಳ್ಳತೊಡಗಿತು. ಹಾಲು ಬಿಟ್ಟಿತು, ಹೊಟ್ಟೆ ಉಬ್ಬಿತು. ದೃಷ್ಟಿ ತೆಗೆದರು, ತಾಯಿತ ಕಟ್ಟಿದರು, ದರ್ಗಾದ ನೀರು ಕುಡಿಸಿದರು. ಕೊನೆಗೆ ಕೊಪ್ಪಳದ ಆಸ್ಪತ್ರೆಯಲ್ಲಿ ಹೇಳಿದರು, ಇದು ಥಲಸ್ಸೇಮಿಯಾ, ಮೈ ತನ್ನ ರಕ್ತ ತಾನು ಸರಿಯಾಗಿ ಮಾಡಿಕೊಳ್ಳುವುದಿಲ್ಲ, ಹೊರಗಿನಿಂದ ಹಾಕುತ್ತಲೇ ಇರಬೇಕು. ಎಷ್ಟು ದಿನ ಎಂದು ಮಾಮ ಕೇಳಿದ. ದಿನದ ಲೆಕ್ಕ ಇಲ್ಲ ಎಂದರು.

ಅಂದಿನಿಂದ ಮೂರು ವಾರಕ್ಕೊಮ್ಮೆ ಶುಕ್ರವಾರ ನಮ್ಮ ಮನೆಯ ಯಾರಾದರೂ ಒಬ್ಬರು ಅವಳನ್ನು ಎತ್ತಿಕೊಂಡು ಅಳವಂಡಿಯಿಂದ ಕೊಪ್ಪಳದ ಬಸ್ಸು ಹತ್ತುತ್ತಾರೆ. ಬರುವಾಗ ಅವಳ ತುಟಿ ಕೆಂಪಗಿರುತ್ತದೆ, ಬಸ್ಸಿನಲ್ಲಿ ಕೂತವರ ಜುಟ್ಟು ಜಗ್ಗುತ್ತಾಳೆ. ಎರಡು ವಾರ ಓಡಾಡುತ್ತಾಳೆ. ಮೂರನೆಯ ವಾರ ಕಟ್ಟೆಯ ಮೇಲೆ ಕೂತುಬಿಡುತ್ತಾಳೆ. ಅವಳಿಗೆ ನಾಲ್ಕು ವರ್ಷವಾದಾಗ ಒಂದು ಶುಕ್ರವಾರ, ಸೂಜಿ ಚುಚ್ಚಿಸಿಕೊಂಡು ಮಲಗಿದ್ದವಳು ಜೊತೆಗೆ ಹೋಗಿದ್ದ ನನ್ನನ್ನು ಕೇಳಿದಳು, "ಮಾಮಾ, ನನ್ನ ರಕ್ತ ಯಾಕ ಖಾಲಿ ಆಕ್ಕೈತಿ?"

ಅವಳಿಗೆ ಬೇಸರವಾಗದಿರಲಿ ಎಂದು ಬಾಗಿಲ ಮೇಲಿನ ಏಣಿಯನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ಆ ತಪ್ಪು ಮೆಟ್ಟಿಲನ್ನು ತೋರಿಸಿದೆ. "ರಕ್ತ ಹೆಂಗ ಮಾಡಬೇಕು ಅಂತ ಇದರಾಗ ಬರದಿರತೈತಿ. ನಿನ್ನ ಏಣಿಯಾಗ ಒಂದು ಅಕ್ಷರ ತಪ್ಪೈತಿ."

ಅವಳು ಆ ನೀಲಿ ತುಂಡನ್ನು ಉಗುರಿನಿಂದ ಕೀಳಲು ನೋಡಿದಳು.

"ಇದನ್ನ ತಗದು ಕೆಂಪು ಹಚ್ಚು."

"ಕೆಂಪು ಮುಗದೈತಿ."

"ಅಂಗಡ್ಯಾಗಿಂದ ತಾ."

ನಾನು ಏಣಿಯನ್ನು ಮತ್ತೆ ಕೈಚೀಲಕ್ಕೆ ಹಾಕಿದೆ.

ಅಕ್ಕ ಮತ್ತೆ ಬಸುರಿಯಾದಳು. ಆಸ್ಪತ್ರೆಯಲ್ಲಿ ಬೇರೆ ಕಟ್ಟಡದಲ್ಲಿ ಮಂಗಳವಾರಕ್ಕೊಮ್ಮೆ ಕೂರುವ ಒಬ್ಬ ಮೇಡಂ ಇದ್ದರು. ಇಂಥ ಮನೆಗಳವರಿಗೆ ತಿಳಿಸಿ ಹೇಳುವುದು ಅವರ ಕೆಲಸ. ಅಕ್ಕ, ಮಾಮ, ಆಯಿ, ನಾನು ನಾಲ್ವರೂ ಹೋದೆವು. ಮೇಡಂ ಗಂಗಾವತಿ ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನವರು, ಮನೆಮಾತು ತೆಲುಗು. ಕನ್ನಡವನ್ನು ಎಳೆದೆಳೆದು ಆಡುತ್ತಿದ್ದರು. ಪ್ರತಿ ಮಾತಿನ ಕೊನೆಗೂ "ಅರ್ಥ ಆಯ್ತಾ ಅಮ್ಮಾ?" ಎನ್ನುತ್ತಿದ್ದರು. ಗಂಡಸರಿಗೂ ಅಮ್ಮಾ. ನಾನು ಮೊದಲ ಐದು ನಿಮಿಷದಲ್ಲೇ ಅವರಿಗೆ ನನ್ನ ಗಂಟಲಲ್ಲಿ ಖೋಲಿ ಕೊಟ್ಟೆ.

ಮೇಡಂ ಹಾಳೆಯ ಮೇಲೆ ನಮ್ಮ ಮನೆತನ ಬರೆದರು. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು. ಆಯಿ ಮತ್ತು ತೀರಿಹೋದ ಅಜ್ಜ ಮೇಲೆ. ಅವರಿಂದ ಕೆಳಗೆ ಅವ್ವ, ಮಾಮ. ಅವ್ವನಿಂದ ಕೆಳಗೆ ಅಕ್ಕ, ನಾನು. ಆಮೇಲೆ ಅಕ್ಕನಿಂದ ಗೆರೆ ಎಳೆದು ಮಾಮನಿಗೆ ಕೂಡಿಸಬೇಕಾಯಿತು. ಗೆರೆ ಕೆಳಗೆ ಹೋಗುವ ಬದಲು ಮೇಲಕ್ಕೆ ತಿರುಗಿ ಹೋಯಿತು. ಮರ ಎಂದುಕೊಂಡಿದ್ದು ಬಾಗಿಲಿಲ್ಲದ ಮನೆಯ ಹಾಗೆ ಕಂಡಿತು.

"ನೋಡಮ್ಮಾ, ಪ್ರತಿಯೊಬ್ಬರಲ್ಲೂ ಈ ಬರಹದ ಎರಡು ಪ್ರತಿ ಇರ್ತದೆ. ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದು ಕೆಟ್ಟಿದ್ರೂ ಇನ್ನೊಂದು ಕೆಲಸ ನಡೆಸ್ತದೆ. ಇವರಿಬ್ಬರಲ್ಲೂ ಒಂದೊಂದು ಕೆಟ್ಟಿದೆ. ಅದಕ್ಕೇ ಇವರಿಗೆ ಏನೂ ಆಗಿಲ್ಲ. ಮಗುವಿಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬಂದರೆ ಆ ಹುಡುಗಿಯ ಹಾಗೆ ಆಗ್ತದೆ. ಪ್ರತಿ ಸಲ ನಾಲ್ಕರಲ್ಲಿ ಒಂದು ಪಾಲು ಹಾಗಾಗಬಹುದು. ಅರ್ಥ ಆಯ್ತಾ ಅಮ್ಮಾ?"

ಆಯಿ ಕೇಳಿದಳು, "ಕೆಟ್ಟದ್ದು ಯಾರಿಂದ ಬಂತ್ರಿ?"

"ನಿಮ್ಮಿಂದ ಇರಬಹುದು, ನಿಮ್ಮ ಯಜಮಾನರಿಂದ ಇರಬಹುದು. ನಿಮ್ಮ ರಕ್ತ ನೋಡಿದ್ರೆ ಗೊತ್ತಾಗ್ತದೆ."

"ಅವರದ ಇರಬೇಕು," ಎಂದಳು ಆಯಿ. ಸತ್ತವರ ಮೇಲೆ ಹಾಕಿದರೆ ಎದುರು ಮಾತು ಬರುವುದಿಲ್ಲ.

ಮಾಮ ಕುಷ್ಟಗಿ ಕಡೆಯ ಹೈಬ್ರಿಡ್ ಬೀಜದ ಪ್ಲಾಟುಗಳಲ್ಲಿ ಮೇಸ್ತ್ರಿ. ಹತ್ತಿ, ಟೊಮ್ಯಾಟೊ ಹೂವಿಗೆ ಕ್ರಾಸಿಂಗ್ ಮಾಡಿಸುತ್ತಾನೆ. ಗಂಡು ಸಾಲಿನ ಹೂವಿನ ಪುಡಿಯನ್ನು ಹೆಣ್ಣು ಸಾಲಿಗೆ ಮುಟ್ಟಿಸುವ ಕೆಲಸ. ಮೇಡಂ ಅದನ್ನು ಕೇಳಿ ತಿಳಿದುಕೊಂಡು, "ಒಂದೇ ಸಾಲಿನಲ್ಲಿ ಗಂಡು ಹೆಣ್ಣು ಎರಡೂ ಕಟ್ಟಿದರೆ?" ಎಂದರು.

"ಕಂಪನಿಯವ್ರು ಬೀಜಾನ ತಗೊಳಂಗಿಲ್ರಿ," ಎಂದು ಮಾಮ ಥಟ್ಟನೆ ಹೇಳಿದ. ಆಮೇಲೆ ತನ್ನ ಕೈ ನೋಡಿಕೊಂಡ.

ಮುಂದಿನ ದಾರಿ ಮೇಡಂ ಬಿಡಿಸಿ ಹೇಳಿದರು. ಅಕ್ಕ, ಮಾಮ ಇಬ್ಬರ ರಕ್ತವನ್ನೂ ಡಿಎನ್ಎ ಪರೀಕ್ಷೆಗೆ ಬೆಂಗಳೂರಿಗೆ ಕಳಿಸುತ್ತಾರೆ. ಯಾವ ಅಕ್ಷರ ತಪ್ಪಿದೆ ಎಂಬುದು ಖಚಿತವಾಗಿ ಗೊತ್ತಾಗಬೇಕು. ಗೊತ್ತಾದ ಕೂಡಲೇ ಅಕ್ಕ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಹೊಟ್ಟೆಯೊಳಗಿನ ಕೂಸಿನಲ್ಲಿ ಅದೇ ಅಕ್ಷರ ಹುಡುಕುತ್ತಾರೆ. ಸಿಕ್ಕರೆ ಬಸುರು ಉಳಿಸಿಕೊಳ್ಳಬೇಕೋ ಬೇಡವೋ ಎಂದು ಅಕ್ಕನನ್ನು ಕೇಳುತ್ತಾರೆ. ಅದಕ್ಕೆ ಇಂತಿಷ್ಟು ವಾರದೊಳಗೆ ಎಂಬ ಕಟ್ಟು ಇದೆ. ದಾಟಿದರೆ ಏನೂ ಮಾಡಲು ಬರುವುದಿಲ್ಲ. "ವರದಿ ಬಂದ ದಿನವೇ ನಾನು ಫೋನ್ ಮಾಡ್ತೀನಿ. ಮರುದಿನವೇ ಬರಬೇಕು. ಅರ್ಥ ಆಯ್ತಾ ಅಮ್ಮಾ?"

ಅಕ್ಕ ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡಳು. "ಒಂದು ಜೀವಾನ ಸೂಜಿ ಮ್ಯಾಲ ಬೆಳಸಾಕತ್ತೀನಿ. ಇನ್ನೊಂದು ನನ್ನ ಕೈಲೆ ಆಗಂಗಿಲ್ಲ ತಮ್ಮಾ. ಮೊದ್ಲ ಗೊತ್ತಾದ್ರ ಸಾಕು."

ವರದಿ ಬರಲು ವಾರಗಳು ಹಿಡಿಯುತ್ತವೆ ಎಂದಿದ್ದರು. ಆ ವಾರಗಳಲ್ಲಿ ಅಳವಂಡಿಯ ಮನೆಯಲ್ಲಿ ಯಾರೂ ದೊಡ್ಡ ದನಿಯಲ್ಲಿ ಮಾತಾಡುತ್ತಿರಲಿಲ್ಲ. ನನಗೆ ಅದು ತಡೆಯಲಿಲ್ಲ. ಒಂದು ದಿನ ಗಂಗಾವತಿಯಿಂದ ಗೆಳೆಯನ ಫೋನಿನಿಂದ ಮಾಮನಿಗೆ ಹಚ್ಚಿ, ಮೇಡಂ ದನಿ ತೆಗೆದೆ. "ನೋಡಮ್ಮಾ, ನಿಮ್ಮ ಮನೆ ಹುಂಜದ ವರದಿ ಬಂದಿದೆ. ಅದೂ ತನ್ನ ಅಕ್ಕನ ಮಗಳನ್ನೇ ಮಾಡಿಕೊಂಡಿದೆ. ಅರ್ಥ ಆಯ್ತಾ ಅಮ್ಮಾ?" ಮಾಮ ಮೊದಲು ಬೆಚ್ಚಿ, ಆಮೇಲೆ ತಿಳಿದು, ಬಹಳ ಹೊತ್ತು ನಕ್ಕ. ಹಿಂದೆ ಅಕ್ಕ ನಕ್ಕಿದ್ದೂ ಕೇಳಿಸಿತು. ಅಕ್ಕ ನಕ್ಕು ಎಷ್ಟೋ ದಿನವಾಗಿತ್ತು. ಪುಣ್ಯದ ಕೆಲಸ ಮಾಡಿದೆ ಎಂದುಕೊಂಡೆ.

ಅದು ಚಟವಾಯಿತು. ಎರಡು ಮೂರು ದಿನಕ್ಕೊಮ್ಮೆ ಬೇರೆ ಬೇರೆ ಫೋನಿನಿಂದ ಹಚ್ಚುತ್ತಿದ್ದೆ. ಆಯಿಯ ಎಲೆಯಡಿಕೆಯ ವರದಿ, ಮಾಮನ ಗೊರಕೆಯ ವರದಿ, ನನ್ನದೇ ತಲೆಯ ವರದಿ, "ಒಳಗೆ ಏನೂ ಸಿಗಲಿಲ್ಲ ಅಮ್ಮಾ." ಮಾಮ ಸ್ಪೀಕರ್ ಹಾಕಿ ಮನೆಮಂದಿಗೆಲ್ಲ ಕೇಳಿಸುತ್ತಿದ್ದ. ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳೂ ಕೇಳಿ ನಗುತ್ತಿದ್ದರಂತೆ.

ಲಗ್ನದ ಸುಗ್ಗಿ ಬಂತು. ಆರ್ಕೆಸ್ಟ್ರಾ ಕನಕಗಿರಿ, ಯಲಬುರ್ಗಾ ಎಂದು ಊರೂರು ತಿರುಗಿತು. ನನಗೆ ಬಿಡುವಾಗಲಿಲ್ಲ. ಒಂದು ವಾರವಾದ ಮೇಲೆ ನಾನೇ, ನನ್ನದೇ ದನಿಯಲ್ಲಿ, ಮಾಮನಿಗೆ ಫೋನ್ ಮಾಡಿದೆ.

"ಲೇ ಅಳಿಯಾ, ನಿನ್ನೆ ಮಾಡಿದ್ದು ಎಲ್ಲಾದಕ್ಕಿಂತ ಛಲೋ ಆಗಿತ್ತು ನೋಡು," ಎಂದ ಮಾಮ. "ಥೇಟ್ ಆಕೀನ. ನಗಿ ಅಂತೂ ಒಂದೀಟೂ ಬರ್ಲಿಲ್ಲ ನಿನಗ. ಹೆಂಗ ತಡಕೊಂಡಿ?"

ನಿನ್ನೆ ನಾನು ಯಾರಿಗೂ ಫೋನ್ ಮಾಡಿರಲಿಲ್ಲ. ಆದರೆ ಅಷ್ಟೊಂದು ಸಲ ಮಾಡಿದ್ದೆ, ಯಾವುದೋ ಹಳೆಯದನ್ನು ಹೊಗಳುತ್ತಿದ್ದಾನೆ, ನಿನ್ನೆ ಎಂದದ್ದು ಬಾಯಿತಪ್ಪು ಎಂದುಕೊಂಡೆ. ಹಾಗೆಂದುಕೊಂಡೆನೋ, ಹೊಗಳಿಕೆ ಸಿಕ್ಕಾಗ ಲೆಕ್ಕ ಕೇಳಬಾರದು ಎಂದು ಸುಮ್ಮನಾದೆನೋ, ಈಗ ಹೇಳಲು ಬಾರದು. ಬಾಯಿಂದ ಬಂದದ್ದು ಮಾತ್ರ ನೆನಪಿದೆ.

"ಮತ್ತೇನ ಮಾಮಾ. ಅಭ್ಯಾಸ ಮಾಡಬೇಕಾಕ್ಕೈತಿ."

ಮುಂದಿನ ಶುಕ್ರವಾರ ಮಗುವನ್ನು ಆಸ್ಪತ್ರೆಗೆ ಒಯ್ದದ್ದು ಮಾಮ. ಮೇಡಂ ಕೂರುವುದು ಮಂಗಳವಾರ, ಅದೂ ಬೇರೆ ಕಟ್ಟಡದಲ್ಲಿ. ಅಕ್ಕನಿಗೆ ವಾಂತಿ, ಬಸ್ಸು ಹತ್ತುವ ಹಾಗಿರಲಿಲ್ಲ. ಆಯಿ ಒಂದು ತೀರ್ಪು ಕೊಟ್ಟಿದ್ದಳು. "ಫೋನ್ ಬಂದಿಲ್ಲ ಅಂದ್ರ ಎಲ್ಲಾ ಛಲೋ ಐತಿ. ಕೆಟ್ಟ ಸುದ್ದಿ ಆಗಿದ್ರ ಇಷ್ಟೊತ್ತಿಗೆ ಓಡಿ ಬರ್ತಿತ್ತು." ಅದು ಎಲ್ಲರಿಗೂ ಬೇಕಾದ ಮಾತು, ಎಲ್ಲರೂ ಒಪ್ಪಿಕೊಂಡರು. ಏಣಿಯ ಮಾದರಿ ಮಾಡಿದ್ದವನು, ಅಕ್ಷರದ ವಿಷಯ ತಿಳಿದವನು ಮನೆಯಲ್ಲಿ ನಾನೊಬ್ಬನೇ. ಒಂದು ಮಂಗಳವಾರ ಹೋಗಿ ವಿಚಾರಿಸಬೇಕಿತ್ತು. ನಾನು ಯಲಬುರ್ಗಾದ ಒಂದು ಮದುವೆಯಲ್ಲಿ ಮೋಟರಿನ ಹಾಗೆ ಕೆಮ್ಮುತ್ತಿದ್ದೆ.

ಆ ಸಲ ಹಾಕಿಸಿದ ರಕ್ತ ತೀರಿ ಮತ್ತೆ ಶುಕ್ರವಾರ ಬಂತು. ಹೋದವನು ನಾನು. ರಕ್ತದ ಚೀಲ ತೂಗುಹಾಕಿ, ಚಹಾ ಕುಡಿಯಲೆಂದು ಹೊರಗೆ ಬಂದರೆ ಪಡಸಾಲೆಯಲ್ಲಿ ಮೇಡಂ ಎದುರಾದರು. ಅಂದು ಬೇರೇನೋ ಕೆಲಸಕ್ಕೆ ಬಂದಿದ್ದರಂತೆ. ನನ್ನನ್ನು ಗುರುತಿಸಿ ನಿಂತರು.

"ನಿಮ್ಮ ಅಕ್ಕ ಪರೀಕ್ಷೆ ಬೇಡ ಅಂದರಾ?"

ನನಗೆ ತಿಳಿಯಲಿಲ್ಲ. "ವರದಿ ಬಂತೇನ್ರಿ?" ಎಂದೆ.

"ಬಂದು ತಿಂಗಳಾಯ್ತಲ್ಲ. ನಾನು ಮೂರು ಸಲ ಫೋನ್ ಮಾಡಿದೆ. ನಿಮ್ಮ ಭಾವ ನಕ್ಕರು. 'ನಿನ್ನ ರಕ್ತದಾಗ ಬರೀ ನಾಟಕ ಐತಿ, ಮೊದ್ಲ ಅದನ್ನ ಪರೀಕ್ಷಾ ಮಾಡ್ಸು' ಅಂದು ಇಟ್ಟರು. ಎರಡನೇ ಸಲ ಬೈದರು. ಮೂರನೇ ಸಲ ಫೋನೇ ಹೋಗಲಿಲ್ಲ. ಬೇಡ ಅನ್ನುವವರೂ ಇರ್ತಾರೆ, ಅವರ ಇಷ್ಟ ಅಂದುಕೊಂಡೆ."

ಅವರ ದನಿ ನಾನು ಮಾಡುತ್ತಿದ್ದುದಕ್ಕಿಂತ ಸಣ್ಣದಿತ್ತು. ಅಷ್ಟೊಂದು ಎಳೆಯುತ್ತಲೂ ಇರಲಿಲ್ಲ. ಎಷ್ಟು ಉಬ್ಬಿಸಿದ್ದೆ ಎಂದು ಅಲ್ಲಿ ನಿಂತಾಗ ತಿಳಿಯಿತು. ಮಾಮನಿಗೆ ಎರಡರಲ್ಲಿ ಯಾವುದು ಹೆಚ್ಚು ಕೇಳಿದ ದನಿಯಾಗಿತ್ತೋ ಅದೇ ಖರೆಯಾಗಿತ್ತು.

"ಈಗ ಹೋದರ ನಡೀತೈತೇನ್ರಿ?"

ಮೇಡಂ ಬೆರಳು ಮಡಚಿ ವಾರ ಎಣಿಸಿದರು. ಎಣಿಸಿ ಮುಗಿದ ಮೇಲೂ ಬೆರಳು ಬಿಡಿಸಲಿಲ್ಲ. "ದಾಟಿದೆ," ಎಂದರು. ಅರ್ಥ ಆಯ್ತಾ ಎಂದು ಕೇಳಲಿಲ್ಲ.

ಆ ಮಧ್ಯಾಹ್ನ ಅಳವಂಡಿಯಲ್ಲಿ ಅಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮಗು ಕೆಂಪು ತುಟಿಯಲ್ಲಿ ಅಂಗಳದ ತುಂಬ ಓಡುತ್ತಿತ್ತು. ನಾನು ಅಕ್ಕನ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದೆ. ಅವಳು ಮೊರ ನಿಲ್ಲಿಸದೆ, "ಈಗ ನಗಬೇಕೇನು?" ಎಂದಳು.

"ಇಲ್ಲಕ್ಕಾ. ಇದು ಹಂಗಲ್ಲ."

ಅವಳು ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು, ಎಲ್ಲಾದರೂ ನಗೆ ಒಡೆಯುತ್ತದೇನೋ ಎಂದು. ಆಮೇಲೆ ಮೊರವನ್ನು ಕೆಳಗಿಟ್ಟಳು. ಆಯಿ ಒಳಗಿನಿಂದ, "ಗೊತ್ತಾಗಿದ್ರ ಏನ್ ಮಾಡಾಕಿದ್ದಿ? ದೇವರು ಕೊಟ್ಟದ್ದನ್ನ ತಗಸ್ತಿದ್ದೇನು?" ಎಂದಳು. ಅತ್ತೆಯ ದನಿಯೋ ಆಯಿಯ ದನಿಯೋ, ನನಗೆ ಬೇರ್ಪಡಿಸಲು ಆಗಲಿಲ್ಲ.

"ಏನ್ ಮಾಡ್ತಿದ್ದೆ ಅನ್ನೂದು ಆಮ್ಯಾಲಿನ ಮಾತು," ಎಂದಳು ಅಕ್ಕ. "ನನಗೊಂದು ಮಾತು ಕೇಳಬೇಕಿತ್ತು. ಯಾರೂ ಕೇಳ್ಲಿಲ್ಲ."

ಮಾಮ ಸಂಜೆ ಪ್ಲಾಟಿನಿಂದ ಬಂದ. ಅವನು ನನ್ನನ್ನು ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಒಂದಷ್ಟು ಹಗುರಾಗುತ್ತಿತ್ತು. ಅವನು ಕೇಳಿಸಿಕೊಂಡು, ಕಟ್ಟೆಯ ಮೇಲೆ ಕೂತು, ಫೋನು ತೆಗೆದು ಏನೋ ಒತ್ತಿದ. ಮತ್ತೆ ಒತ್ತಿದ. ಕೊನೆಗೆ ಅದನ್ನು ನನ್ನ ಕಡೆ ಚಾಚಿದ.

"ಆ ನಂಬರ್ ಬಂದ್ ಮಾಡೀನಿ. ಅದನ್ನ ಹೆಂಗ ತಗೀತಾರ?"

ನಾನು ತೆಗೆದುಕೊಟ್ಟೆ. ಅದರಲ್ಲಿ ಮೇಡಂ ನಂಬರನ್ನು ಅವನು "ಅಳಿಯಾ ಹೊಸಾದು" ಎಂದು ಬರೆದಿಟ್ಟುಕೊಂಡಿದ್ದ.

ಉಳಿದ ತಿಂಗಳುಗಳನ್ನು ನಾವು ಹೇಗೆ ಕಳೆದೆವೋ ನೆನಪಿಲ್ಲ. ನಾಲ್ಕರಲ್ಲಿ ಮೂರು ಪಾಲು ಒಳ್ಳೆಯದೇ ಆಗಬಹುದಲ್ಲ ಎಂದು ನಾನು ಒಮ್ಮೆ ಹೇಳಿದೆ. ಅಕ್ಕ, "ಮೊದಲನೇ ಸಲಾನೂ ಮೂರ ಪಾಲ ಇತ್ತು," ಅಂದಳು. ಆಮೇಲೆ ನಾನು ಲೆಕ್ಕ ಎತ್ತಲಿಲ್ಲ. ಕೂಸು ಹುಟ್ಟಿತು, ಗಂಡು. ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ನೋಡಲು ಬಂದವರೆಲ್ಲ ಮಾಮನ ಮೂಗು, ಅಕ್ಕನ ಹಣೆ, ಅಜ್ಜನ ಕಿವಿ ಎಂದು ಪಾಲು ಹಂಚಿಕೊಂಡರು. ಯಾರ ಯಾರ ಮುಖ ಎಲ್ಲಿಂದ ಕಾಪಿಯಾಗಿ ಬಂದಿದೆ ಎಂದು ಹುಡುಕುವುದು ಎಷ್ಟು ಸುಲಭ. ನಾನು ಕೂಸಿನ ಅಂಗಾಲು ನೋಡುತ್ತಿದ್ದೆ, ಬಿಳಿಚಿದೆಯೋ ಎಂದು. ಅದರ ರಕ್ತ ಬೆಂಗಳೂರಿಗೆ ಹೋಯಿತು.

ವರದಿಯ ಫೋನು ಬರುವ ದಿನ ಮಂಗಳವಾರ ಎಂದು ಮೇಡಂ ಮೊದಲೇ ಹೇಳಿ ಕಳಿಸಿದ್ದರು. ಅಕ್ಕ ನನ್ನನ್ನು ಗಂಗಾವತಿಯಿಂದ ಕರೆಸಿದಳು. ನಾನು ಬಂದ ಕೂಡಲೇ ಬಾಗಿಲ ಹೊಸ್ತಿಲ ಬಳಿ ಬೆಳಕಿರುವ ಕಡೆ ಕೂರಿಸಿದಳು.

"ಇಲ್ಲೇ ಕುಂದ್ರು. ನಿನ್ನ ಬಾಯಿ ನನಗ ಕಾಣಬೇಕು."

ಎರಡೂ ತುಟಿ ಕೂಡಿಸಿ ಕೂತೆ. ತಲೆಯ ಮೇಲೆ ದಂಟಿನ ಏಣಿ ಗಾಳಿಗೆ ತಿರುಗುತ್ತಿತ್ತು. ಅರಿಷಿಣ ಮಾಸಿತ್ತು. ಕುಂಕುಮ ಕಪ್ಪಾಗಿತ್ತು. ನೀಲಿ ಮಾತ್ರ ಹಾಗೇ ಇತ್ತು. ಅಕ್ಕನ ಮಗಳು ಬಂದು ನನ್ನ ತೊಡೆಯ ಮೇಲೆ ಕೂತು, "ಮಾಮಾ, ಮಾತಾಡು," ಎಂದಳು. ನಾನು ತಲೆಯಾಡಿಸಿದೆ. ಅವಳು ಎರಡು ಬೆರಳಿನಿಂದ ನನ್ನ ತುಟಿ ಬಿಡಿಸಲು ನೋಡಿದಳು.

ಫೋನು ಬಂತು. ಮಾಮ ಮುಟ್ಟಲಿಲ್ಲ. ಅಕ್ಕ ಎತ್ತಿ ಸ್ಪೀಕರ್ ಹಾಕಿದಳು.

"ಹಲೋ, ಅಮ್ಮಾ..."

"ಮೊದ್ಲ ನನ್ನ ಮಗಳ ಹೆಸರು ಹೇಳ್ರಿ," ಎಂದಳು ಅಕ್ಕ. ಅವಳ ಕಣ್ಣು ನನ್ನ ಬಾಯಿಯ ಮೇಲಿತ್ತು.

ಆ ಕಡೆ ಹಾಳೆ ತಿರುವಿದ ಸದ್ದಾಯಿತು. ಆಮೇಲೆ ಮೇಡಂ ಹೆಸರು ಹೇಳಿದರು. ಎಂದಿನಿಂದ ರಕ್ತ ಹಾಕುತ್ತಿದ್ದಾರೆ, ಯಾವ ಗುಂಪು, ಎಲ್ಲವನ್ನೂ ಕೇಳದೆಯೇ ಹೇಳಿದರು. ನನ್ನ ತುಟಿ ಅಲುಗಿರಲಿಲ್ಲ. ಅಕ್ಕ ಹೂಂ ಎಂದಳು.

"ನೋಡಮ್ಮಾ. ಇವನಿಗೂ ಎರಡೂ ಪ್ರತಿ ಹಾಗೇ ಬಂದಿವೆ. ಇವನ ಅಕ್ಕನಿಗೆ ಬಂದ ಹಾಗೇ. ಈಗಲೇ ರಕ್ತ ಬೇಕಾಗುವುದಿಲ್ಲ, ಕೆಲವು ತಿಂಗಳು ಆಗಲಿ..."

"ಅರ್ಥ ಆತ್ರಿ," ಎಂದಳು ಅಕ್ಕ. ಅವರು ಕೇಳುವ ಮೊದಲೇ ಹೇಳಿದಳು.

ಅವಳು ಫೋನು ಇಟ್ಟು ತೊಟ್ಟಿಲ ಕಡೆ ಹೋದಳು. ಮಾಮ ಎದ್ದು ಅಂಗಳಕ್ಕೆ ಇಳಿದು, ಹೋಗಲು ಎಲ್ಲಿಯೂ ಇಲ್ಲದವನ ಹಾಗೆ ನಿಂತ. ಆಯಿ ಗೋಡೆಗೆ ಒರಗಿ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕರೆದು ತನ್ನ ತೋಳು ಚಾಚಿದಳು. "ನನ್ನ ರಕ್ತಾನೂ ಕಳಸು. ಯಾರದು ಅಂತ ಗೊತ್ತಾಗ್ಲಿ," ಅಂದಳು. ಈಗ ಗೊತ್ತಾಗಿ ಏನು ಮಾಡುವುದು ಎಂದು ನಾನು ಹೇಳಲಿಲ್ಲ. ಮುಂದಿನ ಶುಕ್ರವಾರ ಕರೆದುಕೊಂಡು ಹೋದೆ. ಅವಳದೇ ಆಗಿತ್ತು. ಅದನ್ನು ಕೇಳಿ ಅಜ್ಜನ ಫೋಟೋ ಒರೆಸಿ ಇಟ್ಟಳು.

ನನ್ನ ರಕ್ತವನ್ನೂ ನೋಡಿದರು. ಒಂದು ಪ್ರತಿ ಕೆಟ್ಟದ್ದು, ಒಂದು ಒಳ್ಳೆಯದು. ಅದರಿಂದ ನನಗೇನೂ ಆಗುವುದಿಲ್ಲ.

ಕೂಸಿಗೆ ಈಗ ವರ್ಷ ದಾಟಿದೆ. ಶುಕ್ರವಾರ ಎರಡು ಮಂಚ ಬೇಕು. ನಾನು ಈಗಲೂ ಆರ್ಕೆಸ್ಟ್ರಾದಲ್ಲಿದ್ದೇನೆ, ಹೊಟ್ಟೆ ಕೇಳಬೇಕಲ್ಲ. ಕಂಡಕ್ಟರ್, ಮುದುಕಿ, ಮೋಟರು ಎಲ್ಲರೂ ಇದ್ದಾರೆ. ಮೇಡಂ ಖೋಲಿಗೆ ಬೀಗ ಹಾಕಿದ್ದೇನೆ. ಮನೆಗೆ ಫೋನ್ ಮಾಡಿದಾಗ, ಬೇರೇನೂ ಹೇಳುವ ಮೊದಲು, "ಮಾಮಾ, ನಾನ," ಎನ್ನುತ್ತೇನೆ.

ಆ ಕಡೆ ಮಾಮನ ಹಿಂದೆ ಕೂಸು ಅಳುವುದು ಕೇಳುತ್ತದೆ.

"ಖರೇನ?" ಎನ್ನುತ್ತಾನೆ.